ದಾವಣಗೆರೆಯಿಂದ ಡೆಲ್ಫ್ಟ್‌ಗೆ, ಹಾಂಗ್‌ಝೌ ಮಾರ್ಗವಾಗಿ

ಮೆಕ್ಯಾನಿಕಲ್ ಬಿ.ಇ. ಮುಗಿಸಿ ಚೀನಾಕ್ಕೆ ಓದಲು ಹೊರಟಿದ್ದೇನೆ ಅಂದಾಗ ದಾವಣಗೆರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ‘ಎಂಬಿಬಿಎಸ್ಸಾ?’ ಅವರ ತಪ್ಪೇನಿಲ್ಲ. ಅಲ್ಲಿಗೆ ಹೋಗುವ ನಮ್ಮ ಹುಡುಗರಲ್ಲಿ ಹೆಚ್ಚಿನವರು ವೈದ್ಯಕೀಯದವರೇ. ನನ್ನ ಲೆಕ್ಕ ಬೇರೆ ಇತ್ತು. ಅಮೆರಿಕದ ಎಂ.ಎಸ್.ಗೆ ಸಾಲ ಮಾಡಲು ಮನಸ್ಸಿರಲಿಲ್ಲ. ಗೇಟ್ ಅಂಕ ಬೇಕಾದ ಐಐಟಿಗೆ ಸಾಲುತ್ತಿರಲಿಲ್ಲ. ಯುರೋಪಿನಲ್ಲಿ ಪಿಎಚ್‌ಡಿ ಮಾಡುವ ಆಸೆ ಇತ್ತು, ಆದರೆ ಅಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಚೀನಾ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕ ಮಾಫಿ, ಹಾಸ್ಟೆಲ್ ಉಚಿತ, ಮಾಸ್ಟರ್ಸ್‌ನವರಿಗೆ ಖರ್ಚಿಗೆ ತಿಂಗಳಿಗೆ 3,000 ಯುವಾನ್. ಸಿಕ್ಕಿದ್ದು ಹಾಂಗ್‌ಝೌನ ಝೆಜಿಯಾಂಗ್ ವಿಶ್ವವಿದ್ಯಾಲಯ. ಒತ್ತಡದ ಎಣ್ಣೆಯಿಂದ ಯಂತ್ರ ನಡೆಸುವ ಹೈಡ್ರಾಲಿಕ್ಸ್‌ನ ಹುಚ್ಚಿನವನಿಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ದ್ರವಶಕ್ತಿ ತಂತ್ರಜ್ಞಾನಕ್ಕೆಂದೇ ಅಲ್ಲಿ ರಾಷ್ಟ್ರಮಟ್ಟದ ಪ್ರಯೋಗಾಲಯವಿದೆ.

2016ರ ಸೆಪ್ಟೆಂಬರ್‌ನಲ್ಲಿ ಹೋಗಿ ಇಳಿದಾಗ ಊರಲ್ಲಿ ಜಿ20 ಶೃಂಗಸಭೆ ಆಗಷ್ಟೇ ಮುಗಿದಿತ್ತು, ರಸ್ತೆಗಳು ಅನುಮಾನ ಬರುವಷ್ಟು ಸ್ವಚ್ಛವಾಗಿದ್ದವು. ವೈದ್ಯಕೀಯ ತಪಾಸಣೆ, 30 ದಿನದೊಳಗೆ ವಾಸ ಪರವಾನಗಿ, ಬ್ಯಾಂಕ್ ಖಾತೆ, ಅಲ್ಲಿನ ಮೆಸೇಜಿಂಗ್ ಆ್ಯಪ್ ವೀಚಾಟ್. ಇದನ್ನೆಲ್ಲ ಹೇಗೋ ಯಾರೋ ಮಾಡಿಸುತ್ತಾರೆ, ಹೆದರಬೇಕಿಲ್ಲ.

ನಿಜವಾದ ಓದು ಶುರುವಾದದ್ದು ಲ್ಯಾಬ್‌ನಲ್ಲಿ. ನನ್ನ ಕೋರ್ಸ್ ಇಂಗ್ಲಿಷ್ ಮಾಧ್ಯಮದ್ದು, ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆ ಕಡ್ಡಾಯವಿರಲಿಲ್ಲ. ಆದರೆ ಲ್ಯಾಬ್ ನಡೆಯುವುದು ಚೀನೀ ಭಾಷೆಯಲ್ಲಿ. ವಾರದ ಗುಂಪು ಸಭೆಯಲ್ಲಿ ಮೂರು ತಾಸು ಕೂತರೆ ನನಗೆ ಅರ್ಥವಾಗುತ್ತಿದ್ದದ್ದು ಸ್ಲೈಡ್‌ನಲ್ಲಿದ್ದ ಗ್ರಾಫ್ ಮಾತ್ರ. ಹಾಗಾಗಿ ಗ್ರಾಫ್ ಓದುವುದು ಚೆನ್ನಾಗಿ ಬಂತು. ಆ ಸಭೆಗಳ ಕಾರಣಕ್ಕೇ ಎಚ್‌ಎಸ್‌ಕೆ ನಾಲ್ಕನೇ ಹಂತದವರೆಗೆ ಓದಿದೆ.

ಜೊತೆಗಿದ್ದ ಚೀನೀ ಹುಡುಗರು ಅಲ್ಲಿಗೆ ಬಂದ ಬಗೆ ನಮ್ಮ ಸಿಇಟಿ ಕಥೆಗಿಂತ ಬಿಗಿ. ಗಾವ್‌ಕಾವ್ ಎಂಬ ರಾಷ್ಟ್ರೀಯ ಕಾಲೇಜು ಪ್ರವೇಶ ಪರೀಕ್ಷೆ ಬರೆದು ಬಿ.ಇ.ಗೆ ಸೇರಿದ ಮೇಲೆ ಮಾಸ್ಟರ್ಸ್‌ಗೆ ಎರಡು ದಾರಿ. ಒಂದು, ಮೊದಲ ಮೂರು ವರ್ಷದ ಅಂಕಗಳ ರ‍್ಯಾಂಕ್ ಮೇಲೆ ಪರೀಕ್ಷೆಯಿಲ್ಲದೆ ಶಿಫಾರಸಿನ ಸೀಟು; ಇದಕ್ಕೆ ಬಾವ್‌ಯಾನ್ ಅನ್ನುತ್ತಾರೆ. ಅದು ಸಿಗುವವರು ಮೂರನೇ ವರ್ಷದ ಬೇಸಿಗೆಯಲ್ಲೇ ದೊಡ್ಡ ವಿಶ್ವವಿದ್ಯಾಲಯಗಳ ಶಿಬಿರಗಳಿಗೆ ಹೋಗಿ ಪ್ರಾಧ್ಯಾಪಕರ ಕಣ್ಣಿಗೆ ಬೀಳುತ್ತಾರೆ. ಇನ್ನೊಂದು, ಡಿಸೆಂಬರ್ ಕೊನೆಯಲ್ಲಿ ನಡೆಯುವ ಕಾವ್‌ಯಾನ್ ಪರೀಕ್ಷೆ: ರಾಜಕೀಯ 100, ಇಂಗ್ಲಿಷ್ 100, ಗಣಿತ 150, ಸ್ವಂತ ವಿಷಯ 150, ಒಟ್ಟು 500. 2019ರ ಪ್ರವೇಶಕ್ಕೆ ಇದಕ್ಕೆ ಹೆಸರು ಕೊಟ್ಟವರು 29 ಲಕ್ಷ. ಹೈಡ್ರಾಲಿಕ್ ಪಂಪು ಓದಲು ಹೊರಟವನು ಮಾರ್ಕ್ಸ್‌ವಾದದ ಉತ್ತರ ಉರುಹೊಡೆಯುವುದನ್ನು ನೋಡಿ ನನಗೆ ಮೊದಲಿಗೆ ನಗು ಬರುತ್ತಿತ್ತು. ಆ ಶಿಸ್ತಿನಲ್ಲಿ ಬಂದವನು ಪ್ರಯೋಗದ ಡೇಟಾ ಹೇಗೆ ಜೋಡಿಸಿಡುತ್ತಾನೆ ಅಂತ ನೋಡಿದ ಮೇಲೆ ನಗು ನಿಂತಿತು.

ನನಗೆ ಪಿಎಚ್‌ಡಿ ದಾರಿ ತೋರಿಸಿದ್ದು ನನ್ನ ಹಿರಿಯ ಲ್ಯಾಬ್‌ಮೇಟ್. ಅಲ್ಲಿ ಹಿರಿಯ ಹುಡುಗರನ್ನು ಶಿಶ್ಯೊಂಗ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರು ಬಾವ್‌ಯಾನ್‌ನಲ್ಲಿ ಬಂದವರು, ಓದಿನಲ್ಲಿ ಯಾವತ್ತೂ ಮುಂದು. ಅಮೆರಿಕಕ್ಕೆ ಹೋಗುವುದೆಂದೇ ಜಿಆರ್‌ಇ, ಟೋಫೆಲ್ ಪರೀಕ್ಷೆಗಳನ್ನು ಮುಗಿಸಿಟ್ಟಿದ್ದರು. 2018ರ ಜೂನ್‌ನಿಂದ ಅಮೆರಿಕ ರೊಬಾಟಿಕ್ಸ್, ವಿಮಾನ ತಂತ್ರಜ್ಞಾನ, ಹೈಟೆಕ್ ತಯಾರಿಕೆ ಓದುವ ಚೀನೀ ವಿದ್ಯಾರ್ಥಿಗಳ ವೀಸಾ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿತು. ಶಿಶ್ಯೊಂಗ್ ಒಂದು ವಾರ ಸುಮ್ಮನಿದ್ದರು, ಆಮೇಲೆ ಜರ್ಮನಿಯ ಪಟ್ಟಿ ತೆಗೆದು ಕೂತರು. ಖರ್ಚಿಗೆ ಅವರು ನೆಚ್ಚಿಕೊಂಡದ್ದು ಸರ್ಕಾರಿ ವಿದ್ಯಾರ್ಥಿವೇತನ ಕೊಡುವ ಚೀನಾ ಸ್ಕಾಲರ್‌ಶಿಪ್ ಕೌನ್ಸಿಲನ್ನು. ಅದರ ದುಡ್ಡು ಪಡೆದರೆ ಓದು ಮುಗಿದ ಮೇಲೆ ಎರಡು ವರ್ಷ ಚೀನಾದಲ್ಲೇ ಕೆಲಸ ಮಾಡುತ್ತೇನೆಂಬ ಕರಾರು, ಅದಕ್ಕೆ ಜಾಮೀನುದಾರರು, ಎಲ್ಲಾ ಇದೆ. ವಿದೇಶದ ಪ್ರಾಧ್ಯಾಪಕರ ಒಪ್ಪಿಗೆ ಪತ್ರ ಮೊದಲು ಬೇಕು, ದುಡ್ಡು ಆಮೇಲೆ.

ಆ ಪತ್ರ ಗಿಟ್ಟಿಸಲು ಅವರು ಬರೆಯುತ್ತಿದ್ದ ಮಿಂಚಂಚೆಗಳನ್ನು ನನಗೆ ತೋರಿಸಿದರು. ನಾವು ಬರೆಯುವ ಥರದವಲ್ಲ. ನಮ್ಮಲ್ಲಿ ‘ಗೌರವಾನ್ವಿತ ಸರ್, ನಾನು ಶೇಕಡಾ ಇಷ್ಟು ಅಂಕ ಪಡೆದ ಉತ್ಸಾಹಿ ವಿದ್ಯಾರ್ಥಿ’ ಎಂದು ಶುರುವಾಗಿ ರೆಸ್ಯೂಮೆಯಲ್ಲಿ ಮುಗಿಯುತ್ತದೆ. ಶಿಶ್ಯೊಂಗ್ ಪತ್ರದಲ್ಲಿ ಅಂಕದ ಸುದ್ದಿಯೇ ಇಲ್ಲ. ಆ ಪ್ರಾಧ್ಯಾಪಕರ ಈಚಿನ ಒಂದು ಲೇಖನ, ಅದರಲ್ಲಿ ಬಿಟ್ಟುಹೋದ ಒಂದು ಪ್ರಶ್ನೆ, ಅದಕ್ಕೆ ಹತ್ತಿರದ ತನ್ನ ಒಂದು ಫಲಿತಾಂಶ, ಒಂದೇ ಚಿತ್ರ. ನೂರೈವತ್ತು ಪದ ದಾಟುತ್ತಿರಲಿಲ್ಲ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕಳಿಸಲು ಬರುವುದೇ ಇಲ್ಲ. ಅದೇ ಅದರ ಗುಟ್ಟು.

ನಾನು ಇದನ್ನೇ ಹಿಡಿದುಕೊಂಡೆ. ನನ್ನ ಮಾಸ್ಟರ್ಸ್ ಕೆಲಸ ಹೈಡ್ರಾಲಿಕ್ ವಾಲ್ವ್‌ನೊಳಗಿನ ಕ್ಯಾವಿಟೇಶನ್: ಕಿರಿದಾದ ಕಂಡಿಯಲ್ಲಿ ಎಣ್ಣೆಯ ವೇಗ ಏರಿ ಒತ್ತಡ ಕುಸಿದಾಗ ಗುಳ್ಳೆ ಹುಟ್ಟುತ್ತವೆ, ಒತ್ತಡ ಮರಳಿದಾಗ ಒಡೆದು ಲೋಹವನ್ನು ಕೊರೆಯುತ್ತವೆ. ಪಾರದರ್ಶಕ ಮಾದರಿ ಮಾಡಿ ಹೈಸ್ಪೀಡ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಿದ್ದವು. ನೀರಿನ ಕ್ಯಾವಿಟೇಶನ್ ಮೇಲೆ ಕೆಲಸ ಮಾಡುವ ಗುಂಪುಗಳು ಯುರೋಪಿನಲ್ಲಿ ಎಷ್ಟೋ ಇವೆ. ಆದರೆ ಎಣ್ಣೆಯಲ್ಲಿ ಕರಗಿದ ಗಾಳಿ ಗುಳ್ಳೆಯಾಗುವುದು ಬೇರೆ, ಎಣ್ಣೆಯೇ ಆವಿಯಾಗುವುದು ಬೇರೆ, ಚಿತ್ರದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ನನ್ನ ಪತ್ರಗಳೆಲ್ಲ ಈ ಒಂದು ಕಷ್ಟದ ಸುತ್ತಲೇ ಇದ್ದವು. ಹೆಚ್ಚಿನವಕ್ಕೆ ಉತ್ತರ ಬರಲಿಲ್ಲ, ಬರುವುದೂ ಇಲ್ಲ. ಉತ್ತರಿಸಿದವರು ಮಾತ್ರ ನೇರವಾಗಿ ವಿಷಯಕ್ಕೇ ಬಂದರು. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದಿಂದ ಬಂದ ಉತ್ತರದಲ್ಲಿ ಕುಶಲೋಪರಿಯೇ ಇರಲಿಲ್ಲ. ನಿನ್ನ ಕ್ಯಾಮೆರಾದ ಎಕ್ಸ್‌ಪೋಷರ್ ಎಷ್ಟು ಅಂತ ಕೇಳಿದ್ದರು.

ಅಲ್ಲಿಂದ ಮುಂದೆ ಅದು ಪ್ರವೇಶ ಅಲ್ಲ, ನೌಕರಿ ಸಂದರ್ಶನ. ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌ಡಿ ಮಾಡುವವರು ಬಹುತೇಕ ವಿಶ್ವವಿದ್ಯಾಲಯದ ಸಂಬಳದ ನೌಕರರು. ಸಾಮಾನ್ಯವಾಗಿ ನಾಲ್ಕು ವರ್ಷದ ಒಪ್ಪಂದ, ಫೀಸು ಇಲ್ಲ, ಪಿಂಚಣಿ ಕಡಿತವೂ ಉಂಟು. ಸ್ಕೈಪಿನಲ್ಲಿ ನನ್ನ ಕೆಲಸ ವಿವರಿಸಿದೆ. ‘ಈ ಪ್ರಯೋಗದಲ್ಲಿ ನಿನ್ನ ಕೈಯಾರೆ ಮಾಡಿದ್ದು ಯಾವುದು?’ ಎಂದು ತಿರುಗಿಸಿ ಮುರುಗಿಸಿ ಕೇಳಿದರು. ಪ್ರಯೋಗದ ಉಪಕರಣ (ರಿಗ್) ಕಟ್ಟಿದ್ದು, ಸೋರಿಕೆ ಹುಡುಕಿದ್ದು, ವರ್ಕ್‌ಶಾಪ್‌ನವರೊಂದಿಗೆ ಅರೆಬರೆ ಚೀನೀ ಭಾಷೆಯಲ್ಲಿ ಜಗಳಾಡಿ ಅಕ್ರಿಲಿಕ್ ತುಂಡು ಸರಿಮಾಡಿಸಿದ್ದು, ಎಲ್ಲಾ ಹೇಳಿದೆ. ಬಿ.ಇ.ಯಲ್ಲಿ ಎಷ್ಟು ಅಂತ ಯಾರೂ ಕೇಳಲಿಲ್ಲ. ದಾಖಲೆ ಪರಿಶೀಲನೆಯಲ್ಲಿ ನೋಡಿರಬೇಕು, ಮಾತಿಗೆ ಬರಲಿಲ್ಲ ಅಷ್ಟೆ.

ಕಾಗದಪತ್ರದ ಒಂದು ಮಾತು. ಚೀನಾದಲ್ಲಿ ಪದವಿ ಮುಗಿಸಿದರೆ ಎರಡು ಬೇರೆ ಪ್ರಮಾಣಪತ್ರ ಕೊಡುತ್ತಾರೆ: ವ್ಯಾಸಂಗ ಮುಗಿದದ್ದಕ್ಕೆ ಒಂದು, ಪದವಿಗೆ ಒಂದು. ಹೊರಗಿನವರು ಎರಡನ್ನೂ ಕೇಳುತ್ತಾರೆ, ಒಂದನ್ನೇ ಕಳಿಸಿದರೆ ಕೆಲಸ ನಿಲ್ಲುತ್ತದೆ. ಎರಡರ ಅನುವಾದವನ್ನೂ ಊರು ಬಿಡುವ ಮುಂಚೆ ಮಾಡಿಸಿಕೊಂಡಿದ್ದೆ.

2019ರ ಶರತ್ಕಾಲದಲ್ಲಿ ಡೆಲ್ಫ್ಟ್ ಸೇರಿದೆ. ಮೊದಲ ವರ್ಷದ ಕೊನೆಗೆ ಮುಂದುವರಿಸಬೇಕೋ ಬೇಡವೋ ಎಂಬ ಮೌಲ್ಯಮಾಪನ ಇರುತ್ತದೆ, ಹೆಸರಿಗಷ್ಟೇ ಅಂತ ಹೇಳುವವರ ಮಾತು ನಂಬಬೇಡಿ. ಪ್ರಬಂಧದ ಜೊತೆ ಕೆಲವು ಪ್ರತಿಪಾದನೆಗಳನ್ನೂ, ಅಂದರೆ ವಾದಿಸಿ ಸಮರ್ಥಿಸಿಕೊಳ್ಳಬೇಕಾದ ಚಿಕ್ಕ ಹೇಳಿಕೆಗಳನ್ನೂ, ಬರೆಯಬೇಕು, ಅವುಗಳಲ್ಲಿ ಕೆಲವು ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದವು. ಅವನ್ನು ಬರೆಯಲು ನಾನು ಒಂದು ಅಧ್ಯಾಯಕ್ಕಿಂತ ಹೆಚ್ಚು ಒದ್ದಾಡಿದೆ.

ಈಗ ಚೀನಾ ದಾರಿ ಹಿಡಿಯಬಹುದೇ ಎಂದು ಕಿರಿಯರು ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಮುಚ್ಚಿದ್ದ ವೀಸಾ 2022ರ ಆಗಸ್ಟ್‌ನಲ್ಲಿ ಮತ್ತೆ ತೆರೆಯಿತು, ವಿದ್ಯಾರ್ಥಿವೇತನ ಈಗಲೂ ಇದೆ. ನನ್ನ ಉತ್ತರ: ವಿಶ್ವವಿದ್ಯಾಲಯದ ರ‍್ಯಾಂಕ್ ನೋಡುವ ಮೊದಲು ಲ್ಯಾಬ್ ನೋಡಿ. ಅಲ್ಲಿ ಯಂತ್ರ ಇದೆಯೇ, ಅದನ್ನು ಮುಟ್ಟಲು ನಿಮಗೆ ಬಿಡುತ್ತಾರೆಯೇ ಅಂತ ಈಗಾಗಲೇ ಅಲ್ಲಿರುವ ವಿದೇಶಿ ವಿದ್ಯಾರ್ಥಿಯನ್ನೇ ಕೇಳಿ. ಮತ್ತೆ, ಹೋಗುವ ಆರು ತಿಂಗಳ ಮುಂಚೆಯೇ ಚೀನೀ ಭಾಷೆ ಶುರುಮಾಡಿ, ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಸರಿ.