ಬೀಜದಿಂದ ಗುಲ್‌ಮೊಹರ್ ಬೆಳೆಸುವಾಗ

ಮೇ ತಿಂಗಳಲ್ಲಿ ರಸ್ತೆಯ ಬದಿಯಲ್ಲಿ ಕೆಂಪಗೆ ಅರಳಿ ನಿಂತ ಗುಲ್‌ಮೊಹರ್ ಮರವನ್ನು ಕಂಡು, ಇಂಥದೊಂದು ನಮ್ಮ ಜಾಗದಲ್ಲೂ ಇರಬೇಕಿತ್ತು ಎಂದು ಆಸೆಪಡುವವರು ಅನೇಕರು. ಕಾಯಿ ತಂದು, ಬೀಜ ಬಿತ್ತಿ, ತಿಂಗಳುಗಟ್ಟಲೆ ನೀರುಣಿಸಿ, ಏನೂ ಹುಟ್ಟದೆ ಬೀಜವೇ ಪೊಳ್ಳೆಂದು ಕೈಬಿಟ್ಟವರೂ ಕಡಿಮೆಯಿಲ್ಲ. ಮೊದಲ ಸಲ ನನಗೂ ಹಾಗೆಯೇ ಆಯಿತು. ಹನ್ನೆರಡು ಬೀಜಗಳಲ್ಲಿ ಒಂದೂ ಮೊಳೆಯದ ಕುಂಡದ ಮಣ್ಣನ್ನು ಬೇಸರದಿಂದ ಕರಿಬೇವಿನ ಬುಡಕ್ಕೆ ಸುರಿದಿದ್ದೆ. ಮರುವರ್ಷದ ಮಳೆಗಾಲದಲ್ಲಿ ಅಲ್ಲಿಯೇ ಎರಡು ಸಸಿಗಳು ತಲೆಯೆತ್ತಿದವು.

ಈ ಮರದ ತವರು ಮಡಗಾಸ್ಕರ್ ದ್ವೀಪದ ಒಣ ಕಾಡು. ಅಲ್ಲಿನ ಮಳೆಯಿಲ್ಲದ ದೀರ್ಘ ಒಣಕಾಲವನ್ನು ಮಣ್ಣಿನಲ್ಲೇ ಬಿದ್ದು ಕಳೆಯಬೇಕಾದ ಬೀಜಕ್ಕೆ ನೀರು ಸುಲಭವಾಗಿ ಇಳಿಯದಂಥ ಗಟ್ಟಿ ಸಿಪ್ಪೆಯಿದೆ. ನಾವು ಮಾಡಬೇಕಾದುದು ಆ ಸಿಪ್ಪೆಯಲ್ಲಿ ನೀರಿಗೊಂದು ದಾರಿ ತೆರೆಯುವ ಕೆಲಸ.

ಮಕ್ಕಳು ಕತ್ತಿಯೆಂದು ಹಿಡಿದು ಕಾದಾಡುವ ಉದ್ದನೆಯ ಕಾಯಿಗಳು ಎಲೆ ಉದುರಿದ ಮೇಲೂ ಕಪ್ಪಗೆ ಮರದಲ್ಲಿ ನೇತಾಡುತ್ತಿರುತ್ತವೆ. ಕತ್ತಿಕಾಯಿ ಮರವೆಂಬ ಹೆಸರೂ ಅದರಿಂದಲೇ ಬಂದಿರಬೇಕು. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುವ ಕಾಯಿಯನ್ನು ಆರಿಸಿಕೊಂಡು, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕು. ಸಣ್ಣ ತೂತು ಕಂಡ ಬೀಜಗಳನ್ನು ಹುಳ ತಿಂದಿರುತ್ತದೆ, ಅವನ್ನು ಬಿಸಾಡಿ.

ಬೀಜದ ಒಂದು ತುದಿಯಲ್ಲಿ ಅದು ಕಾಯಿಗೆ ಅಂಟಿಕೊಂಡಿದ್ದ ಗುರುತು ಇರುತ್ತದೆ. ಬೇರು ಹೊರಡುವುದು ಆ ಕಡೆಯಿಂದಾದುದರಿಂದ ಅದನ್ನು ಮುಟ್ಟದೆ, ಎದುರಿನ ತುದಿಯನ್ನು ಒರಟು ಕಲ್ಲಿನ ಮೇಲಾಗಲಿ ಮರಳು ಕಾಗದದ ಮೇಲಾಗಲಿ, ಒಳಗಿನ ಬಿಳುಪು ತುಸು ಇಣುಕುವವರೆಗೆ ಉಜ್ಜಬೇಕು. ಉಗುರು ಕತ್ತರಿಯಿಂದ ಚಿವುಟಿದರೂ ಆಗುತ್ತದೆ, ಆದರೆ ಬೀಜ ಜಾರಿ ಬೆರಳಿಗೆ ಗಾಯವಾಗುವುದುಂಟು. ನಂತರ ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆಗೆ ಬೀಜ ಉಬ್ಬಿ ಮೆತ್ತಗಾಗಿರುತ್ತದೆ. ಉಬ್ಬದೆ ಉಳಿದದ್ದನ್ನು ಇನ್ನೊಮ್ಮೆ ಉಜ್ಜಿ ನೆನೆಹಾಕಿದರೆ ಸಾಕು. ಬೀಜಗಳು ಬಹಳವಿದ್ದು ಉಜ್ಜುವ ತಾಳ್ಮೆ ಇಲ್ಲದಿದ್ದರೆ, ನೀರನ್ನು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ, ಅದರಲ್ಲೇ ಒಂದು ದಿನ ಬಿಡಬಹುದು. ಉರಿಯ ಮೇಲಿಟ್ಟು ಕುದಿಸಿದರೆ ಬೀಜ ಬೇಯುತ್ತದೆ, ಮೊಳೆಯುವುದಿಲ್ಲ. ನಾನಂತೂ ಉಜ್ಜುವುದನ್ನೇ ನಂಬುತ್ತೇನೆ.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ತಳದಲ್ಲಿ ತೂತು ಮಾಡಿದ ಒಂದು ಲೀಟರ್ ಹಾಲಿನ ಪ್ಯಾಕೆಟ್‌ಗೆ ತುಂಬಿ, ಸುಮಾರು 2 ಸೆಂಟಿಮೀಟರ್ ಆಳಕ್ಕೆ ಒಂದೊಂದೇ ಬೀಜ ಊರಿರಿ. ವಾರ, ಹತ್ತು ದಿನಗಳಲ್ಲಿ ದಪ್ಪನೆಯ ಎರಡು ಬೀಜದಳಗಳು ಮಣ್ಣನ್ನು ಸೀಳಿಕೊಂಡು ಬರುತ್ತವೆ. ಅವುಗಳ ತಲೆಗೆ ಸಿಪ್ಪೆ ಅಂಟಿಕೊಂಡಿದ್ದರೆ ಒಣಗಿದ್ದಾಗ ಕೀಳಬಾರದು. ನೀರು ಚಿಮುಕಿಸಿ ನೆನೆದ ಮೇಲೆ ಬಿಡಿಸಬೇಕು. ಆಮೇಲೆ ಬರುವ ಗರಿಯಂಥ ಎಲೆಗಳು ಸಂಜೆಯಾಗುತ್ತಲೇ ಮಡಚಿಕೊಳ್ಳುತ್ತವೆ. ಇದನ್ನು ಕಂಡು ಗಿಡ ಬಾಡಿತೆಂದು ಗಾಬರಿಯಾಗಿ ರಾತ್ರಿ ನೀರು ಸುರಿದು, ಬುಡ ಕೊಳೆಸಿ ಸಸಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮಡಚುವುದು ಅದರ ಸ್ವಭಾವ, ಬೆಳಿಗ್ಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಊರಿದ ಬೀಜ ಮೃಗಶಿರಾ ಮಳೆಯ ಹೊತ್ತಿಗೆ ನೆಲಕ್ಕಿಳಿಸಲು ಯೋಗ್ಯವಾದ ಸಸಿಯಾಗುತ್ತದೆ. ಮುದ್ದಿಗೆಂದು ವರ್ಷಗಟ್ಟಲೆ ಕುಂಡದಲ್ಲಿಟ್ಟುಕೊಂಡರೆ ಬೇರು ಸುರುಳಿ ಸುತ್ತಿಕೊಳ್ಳುತ್ತದೆ, ಅಂಥ ಗಿಡ ಮುಂದೆ ಗಾಳಿಗೆ ನಿಲ್ಲುವುದಿಲ್ಲ.

ಜಾಗದ ವಿಷಯದಲ್ಲಿ ಮಾತ್ರ ನಾನು ಯಾರಿಗೂ ದಾಕ್ಷಿಣ್ಯ ತೋರುವುದಿಲ್ಲ. ಮೂವತ್ತು, ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಮೂಲೆಯಲ್ಲಿ ಗುಲ್‌ಮೊಹರ್ ನೆಡುವ ಯೋಚನೆಯನ್ನೇ ಬಿಡಬೇಕು. ಮರ ಎತ್ತರಕ್ಕಿಂತ ಅಗಲಕ್ಕೆ ಹರಡುತ್ತದೆ. ಬೇರುಗಳು ಆಳಕ್ಕಿಳಿಯುವ ಬದಲು ನೆಲದ ಮಟ್ಟದಲ್ಲೇ ಚಾಚಿ ಕಾಂಪೌಂಡ್ ಗೋಡೆ, ಕಾಲುದಾರಿಯ ಚಪ್ಪಡಿಗಳನ್ನು ಎಬ್ಬಿಸುತ್ತವೆ. ಕೊಂಬೆಗಳು ಪೆಡಸು. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬೆಂಗಳೂರಿನಲ್ಲಿ ಮುರಿದು ಬೀಳುವ ಮರಗಳಲ್ಲಿ ಇವೂ ಸೇರಿರುತ್ತವೆ. ಮನೆ, ಸಂಪು, ವಿದ್ಯುತ್ ತಂತಿ ಇವೆಲ್ಲದರಿಂದ ಕನಿಷ್ಠ ಮೂವತ್ತು ಅಡಿ ದೂರವಿರುವ, ಇಡೀ ದಿನ ಬಿಸಿಲು ಬೀಳುವ ತೋಟದ ಅಂಚು ಅಥವಾ ಶಾಲೆಯ ಬಯಲು ಇದಕ್ಕೆ ಸರಿಯಾದ ತಾಣ.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣಿಗೆ ಗೊಬ್ಬರ ಸೇರಿಸಿ ನೆಟ್ಟು, ಮೇಕೆ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿರಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಬುಡ ತುಂಬ ನೀರು ಕೊಟ್ಟರೆ ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಕೆಳಗಿನ ರೆಂಬೆಗಳನ್ನು ಎಳೆಯದರಲ್ಲೇ ಸವರುತ್ತ, ಎಂಟು ಅಡಿಯವರೆಗೆ ಒಂದೇ ಕಾಂಡ ನಿಲ್ಲುವಂತೆ ಮಾಡಿ. ಹೂವಿಗೆ ಐದು ವರ್ಷವಾದರೂ ಕಾಯಬೇಕು, ಕೆಲವು ಮರ ಹತ್ತು ವರ್ಷ ಕಾಯಿಸುವುದೂ ಉಂಟು. ಬೀಜದ ಗಿಡವಾದುದರಿಂದ ತಾಯಿಮರದ ಅಚ್ಚ ಕೆಂಪೇ ಬರುತ್ತದೆಂಬ ಖಾತರಿಯಿಲ್ಲ; ಕರಿಬೇವಿನ ಬುಡದಿಂದ ಎತ್ತಿ ಊರಿನ ತೋಟದಲ್ಲಿ ನೆಟ್ಟ ನನ್ನ ಆ ಎರಡು ಸಸಿಗಳಲ್ಲಿ ಒಂದು ಕುಂಕುಮದ ಬಣ್ಣಕ್ಕೆ ಅರಳಿತು, ಇನ್ನೊಂದು ಕಿತ್ತಳೆಗೆ.