ಸ್ಕಾಲರ್‌ಶಿಪ್ ಸಂದರ್ಶನಕ್ಕೆ ಕರೆ ಬಂದಿದೆಯೇ? ಮೊದಲು ನಿಮ್ಮ ಅರ್ಜಿಯನ್ನೇ ಓದಿ

ಕಾಲೇಜಿನ ಮೆರಿಟ್ ಸ್ಕಾಲರ್‌ಶಿಪ್ ಸಂದರ್ಶನಕ್ಕೆ ಕರೆ ಬಂತು ಅಂದರೆ ಒಂದು ವಿಷಯ ಆಗಲೇ ತೀರ್ಮಾನವಾಗಿದೆ. ನಿಮ್ಮ ಅಂಕ ಸಾಕಷ್ಟಿದೆ. ಹೊರಗೆ ಕುರ್ಚಿಯಲ್ಲಿ ಕಾಯುತ್ತಾ ಕೂತಿರುವ ಉಳಿದವರ ಅಂಕವೂ ಸಾಕಷ್ಟಿದೆ. ಹಾಗಾಗಿ ಒಳಗೆ ಹೋಗಿ ಮತ್ತೆ ಅಂಕದ ಮಾತನ್ನೇ ಆಡಿದರೆ ಹೆಚ್ಚೇನೂ ಸಿಗುವುದಿಲ್ಲ. ಸಮಿತಿಯವರಿಗೆ ಈಗ ಗೊತ್ತಾಗಬೇಕಿರುವುದು ಬೇರೆ. ಅರ್ಜಿಯಲ್ಲಿ ಕಾಣುವ ಈ ಹುಡುಗಿ ಅಥವಾ ಹುಡುಗ ಎದುರಿಗೂ ಹಾಗೇ ಇದ್ದಾರಾ? ಹೇಗೆ ಯೋಚಿಸುತ್ತಾರೆ? ಓದು ಮುಗಿಯುವ ತನಕ ದುಡ್ಡು ಕೊಟ್ಟರೆ ಆ ಅವಕಾಶವನ್ನು ಏನು ಮಾಡಿಕೊಳ್ಳುತ್ತಾರೆ?

ಬಹಳ ಮಂದಿ ಎಡವುವುದು ತಯಾರಿಯಲ್ಲೇ. ಕೇಳಬಹುದಾದ ಪ್ರಶ್ನೆಗಳ ಉದ್ದ ಪಟ್ಟಿ ಹುಡುಕುತ್ತಾರೆ. ಒಂದೊಂದಕ್ಕೂ ಉತ್ತರ ಬರೆದು ಬಾಯಿಪಾಠ ಮಾಡುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಸರಾಗವಾಗಿ ಬರುತ್ತದೆ. ಆಗ ಸಮಿತಿಯಲ್ಲಿ ಒಬ್ಬರು, "ಹೌದಾ, ಅದು ಹೇಗಾಯಿತು?" ಅನ್ನುತ್ತಾರೆ. ಇದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ! ನನ್ನ ಪ್ರಕಾರ ಸಂದರ್ಶನ ಶುರುವಾಗುವುದೇ ಈ ಎರಡನೇ ಪ್ರಶ್ನೆಯಿಂದ. ಆದ್ದರಿಂದ ತಯಾರಿಯೂ ಆ ಪ್ರಶ್ನೆಗೇ ನಡೆಯಬೇಕು.

ಹೆಜ್ಜೆ 1: ಅರ್ಜಿಗೆ ನೀವೇ ಪ್ರಶ್ನೆ ಹಾಕಿ

ನೀವು ಕಳಿಸಿದ ಅರ್ಜಿ, ಪ್ರಬಂಧ, ಚಟುವಟಿಕೆಗಳ ಪಟ್ಟಿ ಎಲ್ಲದರ ಪ್ರಿಂಟ್ ತೆಗೆಯಿರಿ. ಸಾಮಾನ್ಯವಾಗಿ ಸಮಿತಿಯವರ ಮುಂದೆ ಇರುವುದೂ ಇದೇ ಕಾಗದ. ಬರೆದು ತಿಂಗಳುಗಳೇ ಆಗಿರುತ್ತವೆ, ಅದರಲ್ಲಿ ಏನಿದೆ ಅನ್ನುವುದು ನಿಮಗೇ ಅರ್ಧ ಮರೆತಿರುತ್ತದೆ. ನಿಧಾನವಾಗಿ ಓದಿ. ಪ್ರತಿ ಸಾಲಿನ ಪಕ್ಕದಲ್ಲೂ, ಗೊತ್ತಿಲ್ಲದವರೊಬ್ಬರು ಇದನ್ನು ಓದಿದರೆ ಏನು ಕೇಳಬಹುದು ಅಂತ ಬರೆಯಿರಿ.

ಒಂದು ಸಾಲನ್ನು ತೆಗೆದುಕೊಳ್ಳೋಣ. "ಕಿರಿಯ ವಿದ್ಯಾರ್ಥಿಗಳಿಗೆ ಒಂದು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ." ಓದಲು ಚೆನ್ನಾಗಿದೆ. ಈಗ ಪಕ್ಕದಲ್ಲಿ ಬರೆಯಿರಿ: ಎಷ್ಟು ಮಂದಿ ಬರುತ್ತಿದ್ದರು? ವಾರಕ್ಕೆ ಎಷ್ಟು ಸಲ? ಯಾವ ಪಾಠ ಅವರಿಗೆ ತಲೆಗೆ ಹೋಗುತ್ತಿರಲಿಲ್ಲ? ಮಧ್ಯದಲ್ಲೇ ಬಿಟ್ಟವರು ಎಷ್ಟು ಜನ, ಯಾಕೆ ಬಿಟ್ಟರು? ನೀವು ಬಿಟ್ಟು ಬಂದ ಮೇಲೆ ಆ ತರಗತಿಯನ್ನು ಯಾರು ನಡೆಸುತ್ತಿದ್ದಾರೆ?

"ಅದರಿಂದ ನನ್ನಲ್ಲಿ ನಾಯಕತ್ವ ಬೆಳೆಯಿತು, ಮಾತಿನ ಕೌಶಲ ಹೆಚ್ಚಿತು" ಅಂತ ಉತ್ತರ ಕೊಟ್ಟರೆ ಸಮಿತಿಯವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಅದೇ ಮಾತನ್ನು ಯಾರು ಬೇಕಾದರೂ ಹೇಳಬಹುದು. ಈಗ ಇದನ್ನು ಕೇಳಿ: "ಶುರುವಿನಲ್ಲಿ ಹನ್ನೆರಡು ಮಂದಿ ಬರುತ್ತಿದ್ದರು. ತಿಂಗಳೊಳಗೆ ಐದಕ್ಕೆ ಇಳಿಯಿತು. ಯಾಕೆ ಅಂತ ಒಬ್ಬಳನ್ನು ಕೇಳಿದೆ. ನೀವು ಬೋರ್ಡಿನ ಕಡೆ ತಿರುಗಿ ಬೇಗ ಬೇಗ ಮಾಡಿಬಿಡ್ತೀರಿ ಅಂದಳು. ಅವತ್ತಿನಿಂದ ಸೀಮೆಸುಣ್ಣ ಅವರ ಕೈಗೇ ಕೊಟ್ಟೆ. ಭಿನ್ನರಾಶಿ ಒಂದಕ್ಕೇ ಮೂರು ವಾರ ಹಿಡಿಯಿತು. ಆದರೆ ಬಿಟ್ಟವರಲ್ಲಿ ನಾಲ್ವರು ವಾಪಸ್ ಬಂದರು." ನಾಯಕತ್ವ ಅನ್ನುವ ಪದವೇ ಇಲ್ಲಿಲ್ಲ. ಆದರೂ ಈ ವಿದ್ಯಾರ್ಥಿ ಎಂಥವರು ಅಂತ ಕೇಳಿದವರಿಗೆ ಗೊತ್ತಾಗುತ್ತದೆ, ಅಲ್ವಾ?

ಇನ್ನೂ ಒಂದು ಮಾತು. ಯಾವ ಸಾಲಿಗೆ ನಿಮ್ಮಿಂದ ಎರಡನೇ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲವೋ ಆ ಸಾಲಿಗೆ ಗುರುತು ಹಾಕಿ. ಪುಸ್ತಕದ ಹೆಸರು ಬರೆದಿದ್ದರೆ ಮತ್ತೊಮ್ಮೆ ಓದಿ. ಪ್ರಾಜೆಕ್ಟ್ ಮಾಡಿದ್ದರೆ ಹಳೆಯ ನೋಟ್ಸ್ ಹೊರಗೆ ತೆಗೆಯಿರಿ. ತಂಡದ ಕೆಲಸವಾಗಿದ್ದರೆ ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಿ.

ಹೆಜ್ಜೆ 2: ದುಡ್ಡು ಕೊಡುವವರಿಗೆ ಏನು ಬೇಕು?

ಎಲ್ಲ ಮೆರಿಟ್ ಸ್ಕಾಲರ್‌ಶಿಪ್‌ಗಳೂ ಒಂದೇ ಥರ ಅಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಲು ಕೊಡುವ ರೋಡ್ಸ್ ಸ್ಕಾಲರ್‌ಶಿಪ್ 1902ರಲ್ಲಿ ತೀರಿಕೊಂಡ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಅವರ ಉಯಿಲಿನಿಂದ ಹುಟ್ಟಿದ್ದು. ಬರೀ ಪುಸ್ತಕದ ಹುಳುಗಳನ್ನು ಆರಿಸಬಾರದು, ಗುಣ, ನಡತೆ, ಮುಂದಾಳತ್ವವನ್ನೂ ನೋಡಬೇಕು ಅನ್ನುವುದು ಆ ಉಯಿಲಿನ ಆಶಯವೇ ಆಗಿತ್ತು. ಗೇಟ್ಸ್ ಕೇಂಬ್ರಿಜ್ ಸ್ಕಾಲರ್‌ಶಿಪ್‌ನವರು ಬೇರೆಯವರ ಬದುಕು ಸುಧಾರಿಸುವ ಕಾಳಜಿ ಇದೆಯಾ ಅಂತ ನೋಡುತ್ತಾರೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಪಡೆದವರು ಓದು ಮುಗಿಸಿ ಕನಿಷ್ಠ ಎರಡು ವರ್ಷ ತಮ್ಮ ದೇಶದಲ್ಲಿರಬೇಕು ಅನ್ನುವ ಷರತ್ತು ಇದೆ. ಹಾಗಾಗಿ ಅಲ್ಲಿ ಊರಿಗೆ ಮರಳಿ ಏನು ಮಾಡುತ್ತೀರಿ ಅನ್ನುವುದಕ್ಕೆ ತೂಕ ಜಾಸ್ತಿ.

ನಿಮ್ಮದು ಇಷ್ಟು ದೊಡ್ಡ ಹೆಸರಿನದ್ದು ಆಗಿರಬೇಕಾಗಿಲ್ಲ. ಕಾಲೇಜು ತಾನೇ ಕೊಡುವ ಸಣ್ಣ ಸ್ಕಾಲರ್‌ಶಿಪ್‌ಗೂ ಒಂದು ಉದ್ದೇಶ ಇದ್ದೇ ಇರುತ್ತದೆ. ಪ್ರಕಟಣೆಯನ್ನು ಮತ್ತೆ ಓದಿ. ಹಿಂದೆ ಪಡೆದವರು ಏನು ಓದಿದರು, ಈಗ ಏನು ಮಾಡುತ್ತಿದ್ದಾರೆ ಅಂತ ಹುಡುಕಿ. ಸಾಧ್ಯವಾದರೆ ಒಬ್ಬರ ಜೊತೆ ಮಾತಾಡಿ. ಆಮೇಲೆ ನಿಮ್ಮ ಅನುಭವದಲ್ಲಿ ಅವರ ಉದ್ದೇಶಕ್ಕೆ ನಿಜಕ್ಕೂ ಹೊಂದುವುದು ಯಾವುದು ಅಂತ ನೋಡಿ. ಅವರ ಪ್ರಕಟಣೆಯ ಸಾಲುಗಳನ್ನೇ ಅವರಿಗೆ ತಿರುಗಿಸಿ ಹೇಳಬೇಡಿ.

ಹೆಜ್ಜೆ 3: ಐದಾರು ಘಟನೆಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ

ಐವತ್ತು ಉತ್ತರಗಳ ಬದಲು ಐದಾರು ಘಟನೆ ಸಾಕು. ಏನೋ ಕಟ್ಟಿದ್ದು, ಏನೋ ಕೆಟ್ಟುಹೋಗಿದ್ದು, ಯಾರ ಜೊತೆಗೋ ಜಗಳವಾಗಿ ಸರಿಹೋಗಿದ್ದು, ಅಭಿಪ್ರಾಯ ಬದಲಾಗಿದ್ದು, ಬೇರೆಯವರಿಗಾಗಿ ಮಾಡಿದ್ದು, ಓದಿನಲ್ಲಿ ಹುಚ್ಚು ಹಿಡಿಸಿದ ಒಂದು ವಿಷಯ. "ಸವಾಲು ಎದುರಿಸಿದ್ದು ಹೇಳಿ" ಅಂದರೂ, "ತಂಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ" ಅಂದರೂ, ಇವುಗಳಲ್ಲೇ ಒಂದು ಹೊಂದುತ್ತದೆ.

ಹೇಳುವ ಕ್ರಮಕ್ಕೆ ಸ್ಟಾರ್ ಅನ್ನುವ ಹಳೆಯ ವಿಧಾನವಿದೆ. ಸನ್ನಿವೇಶ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಬಹುತೇಕರು ಸನ್ನಿವೇಶ ವಿವರಿಸುವುದರಲ್ಲೇ ಸಮಯ ಕಳೆಯುತ್ತಾರೆ. ಅದನ್ನು ಎರಡು ವಾಕ್ಯಕ್ಕೆ ಮುಗಿಸಿ. ಹೆಚ್ಚು ಹೊತ್ತು "ನೀವು ಏನು ಮಾಡಿದಿರಿ" ಅನ್ನುವಲ್ಲಿ ಇರಿ. ಎಲ್ಲದಕ್ಕೂ "ನಾವು ಮಾಡಿದೆವು" ಅನ್ನುವ ಅಭ್ಯಾಸ ವಿನಯದಿಂದ ಬಂದದ್ದು, ನಿಜ. ಆದರೆ ಸ್ಕಾಲರ್‌ಶಿಪ್ ಕೊಡುವುದು ಒಬ್ಬರಿಗೆ. ತಂಡದವರು ಮಾಡಿದ್ದನ್ನು ಅವರ ಲೆಕ್ಕಕ್ಕೆ ಬಿಟ್ಟು, ನೀವು ಮಾಡಿದ್ದನ್ನು "ನಾನು" ಅಂತಲೇ ಹೇಳಿ.

ಹೆಜ್ಜೆ 4: ಪುಸ್ತಕ ಮುಚ್ಚಿ, ಬಾಯಿ ತೆರೆದು ಅಭ್ಯಾಸ ಮಾಡಿ

ಬರೆದ ಟಿಪ್ಪಣಿಯನ್ನು ಮತ್ತೆ ಮತ್ತೆ ಓದುವುದು ಹಿತವಾಗಿರುತ್ತದೆ, ಎಲ್ಲ ಬರುತ್ತದೆ ಅನ್ನಿಸುತ್ತದೆ. ಆದರೆ ಅದು ಭ್ರಮೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಐದು ನಿಮಿಷದ ನಂತರ ಕೇಳಿದಾಗ ಮರುಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಿಗೇ ಹೆಚ್ಚು ನೆನಪಿತ್ತು. ಹಾಗಾಗಿ ಘಟನೆಯ ಹೆಸರನ್ನಷ್ಟೇ ಚೀಟಿಯಲ್ಲಿ ಬರೆದುಕೊಳ್ಳಿ. ಉಳಿದದ್ದನ್ನು ಪ್ರತಿ ಸಲ ಹೊಸದಾಗಿ, ಗಟ್ಟಿಯಾಗಿ ಹೇಳಿ. ಪದಗಳು ಸಲಕ್ಕೊಂದು ಥರ ಬರಲಿ, ಅದೇ ಒಳ್ಳೆಯದು.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ಯಾರಿಗೂ ತಮ್ಮ ದನಿ ಇಷ್ಟವಾಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಮನಿಸಬೇಕಾದ್ದು ಎರಡೇ: ಪ್ರಶ್ನೆಗೆ ಉತ್ತರ ಸಿಕ್ಕಿತಾ? ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಯಿತಾ? ಒಂದು ಉತ್ತರಕ್ಕೆ ಒಂದೂವರೆ, ಎರಡು ನಿಮಿಷ ಸಾಕು. ಮುಗಿದ ಮೇಲೆ ಸುಮ್ನೆ ಇರಿ. ಮೌನ ತುಂಬಲು ಮತ್ತೆ ಮಾತು ಎಳೆದಾಗಲೇ ಚೆನ್ನಾಗಿದ್ದ ಉತ್ತರ ಹಾಳಾಗುವುದು.

ಆಮೇಲೆ ಕನಿಷ್ಠ ಒಂದು ಅಣಕು ಸಂದರ್ಶನ ಆಗಲಿ. ಅಪ್ಪ, ಅಮ್ಮ, ಗೆಳೆಯರು ಬೇಡ. ಅವರಿಗೆ ನಿಮ್ಮ ಕಥೆ ಗೊತ್ತು, ಅರ್ಧಕ್ಕೇ ತಲೆಯಾಡಿಸುತ್ತಾರೆ. ನಿಮ್ಮನ್ನು ಅಷ್ಟಾಗಿ ಬಲ್ಲದ ಒಬ್ಬ ಮೇಷ್ಟ್ರೋ, ಮೇಡಮ್ಮೋ ಸಿಕ್ಕರೆ ಅರ್ಜಿ ಅವರ ಕೈಗೆ ಕೊಟ್ಟು, "ಪ್ರತಿ ಉತ್ತರಕ್ಕೂ ಯಾಕೆ, ಹೇಗೆ ಅಂತ ಕೇಳಿ" ಅಂತ ಕೇಳಿಕೊಳ್ಳಿ.

ಕೆಲವು ಕಷ್ಟದ ಪ್ರಶ್ನೆಗಳು

"ನಿಮ್ಮ ಬಗ್ಗೆ ಹೇಳಿ" ಅಂದಾಗ ಹುಟ್ಟಿದ ಊರಿನಿಂದ ಶುರು ಮಾಡಬೇಡಿ. ಈಗ ಏನು ಓದುತ್ತಿದ್ದೀರಿ, ಯಾವುದು ನಿಮ್ಮನ್ನು ಇಲ್ಲಿಗೆ ತಂದಿತು, ಮುಂದೆ ಏನು ಬೇಕು, ಇಷ್ಟು ಸಾಕು. ಸಮಿತಿಯವರು ಕೇಳಲಿ ಅಂತ ನೀವು ಬಯಸುವ ಒಂದು ವಿಷಯವನ್ನು ಇಲ್ಲೇ ಮುಂದಿಡಬಹುದು.

"ನಿಮ್ಮ ದೌರ್ಬಲ್ಯ ಏನು?" ಇದಕ್ಕೆ "ನಾನು ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಅನ್ನುವವಳು" ಅಂತ ದಯವಿಟ್ಟು ಹೇಳಬೇಡಿ. ಅವರು ಅದನ್ನು ತುಂಬಾ ಸಲ ಕೇಳಿದ್ದಾರೆ. ನಿಜವಾದದ್ದೇ ಒಂದನ್ನು ಹೇಳಿ, ಅದಕ್ಕೆ ಈಗ ಏನು ಮಾಡುತ್ತಿದ್ದೀರಿ ಅಂತಲೂ ಹೇಳಿ. "ಕೆಲಸ ಹಂಚುವುದು ನನಗೆ ಕಷ್ಟ, ಈಗ ಶುರುವಿನಲ್ಲೇ ಯಾರಿಗೆ ಏನು ಅಂತ ಬರೆದು ಹಂಚಿಬಿಡುತ್ತೇನೆ" ಅನ್ನುವಷ್ಟು ಸರಳ ಉತ್ತರ ಸಾಕು.

ಪ್ರಚಲಿತ ವಿಷಯದ ಬಗ್ಗೆ ಅಭಿಪ್ರಾಯ ಕೇಳಿದರೆ ಒಂದು ನಿಲುವು ಹೇಳಿ, ಕಾರಣ ಹೇಳಿ, ಎದುರು ಬದಿಯ ಬಲವಾದ ವಾದವನ್ನೂ ಹೇಳಿ. ಯಾರಾದರೂ ನಿಮ್ಮ ಮಾತನ್ನು ಗಟ್ಟಿಯಾಗಿ ವಿರೋಧಿಸಿದರೆ ಅದು ಸಿಟ್ಟಲ್ಲ, ನೀವು ಯೋಚಿಸುವ ರೀತಿ ನೋಡುತ್ತಿದ್ದಾರೆ. ಅವರ ಮಾತು ಸರಿ ಅನ್ನಿಸಿದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಮೆಲ್ಲಗೆ ನಿಮ್ಮ ಮಾತಿನಲ್ಲೇ ನಿಲ್ಲಿ. ಗೊತ್ತಿಲ್ಲದ ಪ್ರಶ್ನೆಗೆ "ಇದು ನನಗೆ ಗೊತ್ತಿಲ್ಲ" ಅನ್ನಿ. ಊಹಿಸಲು ಸಾಧ್ಯವಿದ್ದರೆ, "ಊಹೆ ಮಾಡಿ ಹೇಳಬಹುದಾ?" ಅಂತ ಕೇಳಿ, ಯೋಚಿಸುವುದನ್ನು ಬಾಯಿಬಿಟ್ಟೇ ಹೇಳುತ್ತಾ ಹೋಗಿ. ಎಷ್ಟೋ ಸಲ ಅವರಿಗೆ ಬೇಕಿರುವುದು ಅದೇ.

ಕೊನೆಗೆ, "ನೀವೇನಾದರೂ ಕೇಳಬೇಕಾ?" ಅನ್ನುತ್ತಾರೆ. ಪ್ರಕಟಣೆಯಲ್ಲೇ ಇರುವುದನ್ನು ಕೇಳಬೇಡಿ. ಈ ಸ್ಕಾಲರ್‌ಶಿಪ್ ಪಡೆದವರು ಒಬ್ಬರಿಗೊಬ್ಬರು ಹೇಗೆ ಸಹಾಯ ಮಾಡುತ್ತಾರೆ, ಮೊದಲ ವರ್ಷದಲ್ಲಿ ಅವರಿಗೆ ಯಾವುದು ಕಷ್ಟವಾಗುತ್ತದೆ, ಇಂಥದ್ದು ಕೇಳಿ.

ಆನ್‌ಲೈನ್ ಆದರೆ

ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ, ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಮಾತಾಡುವಾಗ ಪರದೆಯಲ್ಲಿನ ಮುಖ ನೋಡದೆ ಕ್ಯಾಮೆರಾ ನೋಡಿ. ಹಿಂದಿನ ದಿನ ಅದೇ ಜಾಗ, ಅದೇ ಹೊತ್ತು, ಅದೇ ಆ್ಯಪ್‌ನಲ್ಲಿ ಒಬ್ಬರಿಗೆ ಕರೆ ಮಾಡಿ ನೋಡಿ. ಸಂಪರ್ಕ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಪಕ್ಕದಲ್ಲಿರಲಿ. ಪರದೆಯ ಮೇಲೆ ಉತ್ತರ ಅಂಟಿಸಿಕೊಂಡು ಓದಬೇಡಿ. ಕಣ್ಣು ಎಡದಿಂದ ಬಲಕ್ಕೆ ಓಡುವುದು ಕಂಡೇ ಕಾಣುತ್ತದೆ.

ಭಯ ಆಗುತ್ತೆ, ಏನು ಮಾಡಲಿ?

ಆಗಲಿ ಬಿಡಿ. ಒಳಗಿನ ನಡುಕ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. ಮನಃಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಸಂಶೋಧಕರಿಂದ ಮೊದಲೇ ಕೇಳಿ ತಿಳಿದಿದ್ದ ಭಾಷಣಕಾರರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಅಂದರೆ ಇದನ್ನು ತಿಳಿದುಕೊಂಡಿದ್ದರೇ ಅರ್ಧ ಕೆಲಸವಾಯಿತು. 2014ರಲ್ಲಿ ಅಲಿಸನ್ ವುಡ್ ಬ್ರೂಕ್ಸ್ ಅವರ ಸಂಶೋಧನೆ ಇನ್ನೊಂದು ದಾರಿ ತೋರಿಸಿತು. "ಶಾಂತವಾಗಿರು" ಅಂತ ತಮಗೆ ಹೇಳಿಕೊಂಡವರಿಗಿಂತ, "ನನಗೆ ಉತ್ಸಾಹ ಬಂದಿದೆ" ಅಂತ ಹೇಳಿಕೊಂಡವರು ಭಾಷಣದಲ್ಲಿ ಚೆನ್ನಾಗಿ ಮಾಡಿದರು. ಭಯ, ಉತ್ಸಾಹ ಎರಡರಲ್ಲೂ ಎದೆ ಬಡಿತ ಜೋರೇ ಅಲ್ವಾ, ಅದನ್ನು ಬಲವಂತವಾಗಿ ತಗ್ಗಿಸುವುದಕ್ಕಿಂತ ಹೆಸರು ಬದಲಿಸುವುದು ಸುಲಭ. ಪ್ರಶ್ನೆ ಕೇಳಿದ ಕೂಡಲೇ ಉತ್ತರಿಸಬೇಕು ಅಂತಲೂ ಇಲ್ಲ. "ಒಂದು ನಿಮಿಷ ಯೋಚಿಸಿ ಹೇಳಲಾ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಅವತ್ತಿನ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಟಾದ, ಹಾಕಿ ರೂಢಿಯಿರುವ ಬಟ್ಟೆ. ಮೂಲ ದಾಖಲೆಗಳು ಮತ್ತು ಅವುಗಳ ಪ್ರತಿ. ಅರ್ಧ ಗಂಟೆ ಮೊದಲೇ ಅಲ್ಲಿರುವುದು.

ಮುಗಿದ ಮೇಲೆ

ಹೊರಗೆ ಬಂದ ತಕ್ಷಣ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಇನ್ನೊಂದು ಸುತ್ತು ಇರಬಹುದು, ಇನ್ನೊಂದು ಸ್ಕಾಲರ್‌ಶಿಪ್ ಇರಬಹುದು. ಕರೆ ಕಳಿಸಿದ ಕಚೇರಿಗೆ ಎರಡು ಸಾಲಿನ ಧನ್ಯವಾದದ ಇಮೇಲ್ ಹಾಕಿ. ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟ್ರಿಗೂ ಸಂದರ್ಶನ ಹೇಗಾಯಿತು ಅಂತ ತಿಳಿಸಿ, ಅವರೂ ಕಾಯುತ್ತಿರುತ್ತಾರೆ.

ಸಿಗದಿದ್ದರೆ, ಎಲ್ಲಿ ಸುಧಾರಿಸಬಹುದಿತ್ತು ಅಂತ ಕಚೇರಿಯನ್ನು ವಿನಯದಿಂದ ಕೇಳಿ. ಕೆಲವರು ಹೇಳುತ್ತಾರೆ. ಸಿಕ್ಕರೆ, ಸಹಿ ಹಾಕುವ ಮೊದಲು ಪತ್ರವನ್ನು ಪೂರ್ತಿ ಓದಿ. ದುಡ್ಡು ಒಂದೇ ವರ್ಷಕ್ಕಾ, ಕೋರ್ಸ್ ಮುಗಿಯುವ ತನಕವಾ? ಮುಂದಿನ ವರ್ಷಕ್ಕೆ ಉಳಿಯಬೇಕಾದರೆ ಎಷ್ಟು ಅಂಕ ಬೇಕು? ಹಾಸ್ಟೆಲ್, ಪುಸ್ತಕದ ಖರ್ಚು ಸೇರಿದೆಯಾ? ಬೇರೆ ಸ್ಕಾಲರ್‌ಶಿಪ್ ಜೊತೆಗೆ ಪಡೆಯಬಹುದಾ? ಕೋರ್ಸ್ ಬದಲಿಸಿದರೆ ಏನಾಗುತ್ತದೆ? ಇವುಗಳಲ್ಲಿ ಯಾವುದು ಪತ್ರದಲ್ಲಿ ಸ್ಪಷ್ಟವಾಗಿಲ್ಲವೋ ಅದನ್ನು ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.