ಗೋಲಿಯಾದ ದ್ರಾಕ್ಷಿಯಿಂದ ಸಿಹಿ ವೈನ್

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಂದು ಸಣ್ಣ ವೈನರಿಯಲ್ಲಿ ನನ್ನ ಕೆಲಸ. ಹಣ್ಣಿನ ನೀರು ತೆಗೆದು ಸಿಹಿ ಉಳಿಸುವುದು ಇಲ್ಲಿನ ರೈತರಿಗೆ ಹೊಸದಲ್ಲ. ಅವರು ಶೆಡ್ಡಿನ ನೆರಳು, ಗಾಳಿಯಲ್ಲಿ ಒಣದ್ರಾಕ್ಷಿ ಮಾಡುತ್ತಾರೆ. ನಾನು ಅದನ್ನೇ ಚಳಿಯಿಂದ ಮಾಡಿ ನೋಡಿದೆ.

ಹೆಪ್ಪುಗಟ್ಟಿದ ದ್ರಾಕ್ಷಿ ಹಿಂಡಿ ಮಾಡುವ ಸಿಹಿ ವೈನಿಗೆ ಐಸ್ ವೈನ್ ಅನ್ನುತ್ತಾರೆ. ಕೆನಡಾ, ಜರ್ಮನಿಯಲ್ಲಿ ಅದಕ್ಕೆ ದ್ರಾಕ್ಷಿ ಬಳ್ಳಿಯ ಮೇಲೇ ಹೆಪ್ಪುಗಟ್ಟಬೇಕು. ಇಲ್ಲದಿದ್ದರೆ ಅಲ್ಲಿ ಅದನ್ನು ಐಸ್ ವೈನ್ ಅನ್ನುವ ಹಾಗಿಲ್ಲ. ನಮ್ಮೂರ ಚಳಿಗೆ ಸ್ವೆಟರ್ ಹಾಕಿಕೊಳ್ಳಬಹುದು ಅಷ್ಟೇ, ಹಾಗಾಗಿ ಡೀಪ್ ಫ್ರೀಜರ್ರೇ ಗತಿ.

ಮೊದಲ ವರ್ಷ ಥಾಮ್ಸನ್ ದ್ರಾಕ್ಷಿ ಹಾಕಿ ಕೆಟ್ಟೆ. ಸಿಹಿ ಬೇಕಾದಷ್ಟಿತ್ತು, ಹುಳಿಯೇ ಇರಲಿಲ್ಲ. ಸುಮ್ನೆ ಬೆಲ್ಲದ ಪಾಕ ಕುಡಿದ ಹಾಗಾಯಿತು. ಮರುವರ್ಷ ಹುಳಿ ಜಾಸ್ತಿ ಇರುವ ಶೆನಿನ್ ಬ್ಲಾಂಕ್ ಅನ್ನುವ ತಳಿ ತೆಗೆದುಕೊಂಡೆ. 20 ಕಿಲೋ, 22 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 22 ಗ್ರಾಂ ಸಕ್ಕರೆ.

ಮೂರು ದಿನ ಮೈನಸ್ 18 ಡಿಗ್ರಿಯಲ್ಲಿ ಇಟ್ಟು, ಹೊರಗೆ ತೆಗೆದ ಕೂಡಲೇ ತಿರುಗಿಸಿ ರಸ ಹಿಂಡುವ ಬುಟ್ಟಿ ಪ್ರೆಸ್ಸಿಗೆ ಸುರಿದೆವು. ಟಣಟಣ ಸದ್ದು. ‘ಸರ, ಇವು ದ್ರಾಕ್ಷಿ ಅಲ್ರಿ, ಗೋಲಿ ಅದಾವ್ರಿ’ ಅಂದ ಜೊತೆಗಿದ್ದ ಹುಡುಗ. ಎಷ್ಟು ತಿರುಗಿಸಿದರೂ ಒಂದು ಹನಿ ಬರಲಿಲ್ಲ. ತಪ್ಪು ನನ್ನದೇ. ಅಷ್ಟು ಚಳಿಗೆ ರಸವೆಲ್ಲ ಕಲ್ಲಾಗಿತ್ತು. ಕಾಳಿನ ನಡುವೆ ಥರ್ಮಾಮೀಟರ್ ಚುಚ್ಚಿ ಕಾದೆವು. ಮೈನಸ್ 7ರ ಹತ್ತಿರ ಬಂದಾಗ ಮತ್ತೆ ಬಿಗಿ ಮಾಡಿದೆವು. ಮೊದಲ ಹನಿ ಜೇನಿನ ಎಳೆಯಂತೆ ನಿಧಾನಕ್ಕೆ ಇಳಿಯಿತು. ಸಿಹಿ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 38 ಬ್ರಿಕ್ಸ್! ನೀರು ಮಂಜುಗಡ್ಡೆಯಾಗಿ ಒಳಗೇ ಕೂತಿತ್ತು, ಸಿಹಿ ಹುಳಿ ಎರಡೂ ಹೊರಗೆ ಬಂದವು. ಮಂಜು ಕರಗಿದಂತೆ ಅಂಕಿ ಇಳಿಯುತ್ತದೆ, ಅಲ್ವಾ? 32ಕ್ಕೆ ಬಂದಾಗ ನಿಲ್ಲಿಸಿದೆ. ಎಲ್ಲ ಸೇರಿ 36 ಬ್ರಿಕ್ಸಿನ ನಾಲ್ಕೂವರೆ ಲೀಟರ್. ಅಷ್ಟಕ್ಕೆ 20 ಕಿಲೋ ಹಣ್ಣಾ ಅಂತ ಮಾಲೀಕರು ಮುಖ ಸಣ್ಣದು ಮಾಡಿದರು.

ಇಷ್ಟು ಸಿಹಿಯಲ್ಲಿ ಯೀಸ್ಟ್ ಒದ್ದಾಡುತ್ತದೆ. ಬೆಚ್ಚನೆ ನೀರಲ್ಲಿ ಎಬ್ಬಿಸಿ, ರಸವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ರೂಢಿ ಮಾಡಿಸಿದೆ. 16 ಡಿಗ್ರಿಯಲ್ಲಿ ಐದು ವಾರ ಹುದುಗಿತು. ಆಲ್ಕೋಹಾಲ್ ಶೇ. 10ರ ಹತ್ತಿರ ಬಂದಾಗ ತಣ್ಣಗೆ ಮಾಡಿ, ಯೀಸ್ಟ್ ಮತ್ತೆ ಏಳದಂತೆ ಸಲ್ಫೈಟ್ ಹಾಕಿ, ಗಸಿ ಬಿಟ್ಟು ತಿಳಿ ತೆಗೆದು ಸೋಸಿದೆ.

ಆರು ತಿಂಗಳ ನಂತರ ರುಚಿ ನೋಡಿದೆವು. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಸಣ್ಣ ಗ್ಲಾಸಿನಲ್ಲಿ ಎರಡೇ ಗುಟುಕು. ಮೂಗಿಗೆ ಜೇನು, ಮಾಗಿದ ಪೇರಲ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ದವಡೆಯ ಹಿಂದೆ ಚುರ್ ಅನ್ನುವ ಹುಳಿ. ಹುಡುಗ ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದ. ಅದನ್ನು ತಿಂದು ಕುಡಿದರೆ ವೈನೇ ಸಪ್ಪೆ. ತಿಂಡಿ ವೈನಿಗಿಂತ ಸಿಹಿ ಇದ್ದರೆ ಹೀಗೇ. ಉಪ್ಪು ಹಾಕಿ ಹುರಿದ ಶೇಂಗಾ ಮಾತ್ರ ಅದಕ್ಕೆ ಸರಿಯಾದ ಜೋಡಿ.

ಬರುವ ಫೆಬ್ರವರಿಗೆ ಒಂದು ವಾರ ಮೊದಲೇ ಕೊಯ್ಯಬೇಕು ಅಂತಿದ್ದೇನೆ. ಇನ್ನೊಂದಿಷ್ಟು ಹುಳಿ ಬೇಕು ನನಗೆ.